ಇಪ್ಪತ್ತೇಳನೆಯ ಫಲಕ

ಫೆಬ್ರವರಿ ೫, ಸೋಮವಾರ

ತರಗತಿ ಹತ್ತಕ್ಕೆ. ಹತ್ತಾಗಿ ಏಳು ನಿಮಿಷಕ್ಕೆ ಇಬ್ಬರು ಬಂದರು, ಹದಿನೈದಕ್ಕೆ ನಾನು ನಿದ್ದೆಗಣ್ಣ ಎಂದು ಕರೆಯುವ ಹುಡುಗ. ಎಡಗೈಯವಳು ಮಾತ್ರ ಎಂದಿನಂತೆ ನನಗಿಂತ ಮೊದಲೇ ಬಂದು ಗಣಕದ ಮುಂದೆ ಕುಳಿತಿದ್ದಳು. ಆರು ಮಂದಿಯಿಂದ ಆರಂಭವಾದ ತರಗತಿ, ಉಳಿದವರು ನಾಲ್ವರು. ನಿವೃತ್ತನಾಗಿ ಹನ್ನೊಂದು ವರ್ಷವಾದವನನ್ನು ಮತ್ತೆ ಕರೆತಂದು ಕೂರಿಸಿದ್ದಾರೆ — ಹಳೆಯ ಹಾಳೆಗಳನ್ನು ಬಲ್ಲವರು ಬೇರೆ ಯಾರೂ ಉಳಿದಿಲ್ಲವೆಂಬ ಕಾರಣಕ್ಕೆ. ಬೇಡವೆನ್ನಬಹುದಾಗಿತ್ತು. ಎನ್ನಲಿಲ್ಲ.

ಕೆಲಸ ಇಷ್ಟು. ನಲವತ್ತೆಂಟು ವರ್ಷಗಳ ಹಿಂದೆ ನಾವು ಐವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಗಾಜಿನ ಛಾಯಾಚಿತ್ರ ಫಲಕಗಳ ಮೇಲೆ ಅಚ್ಚಾದ ಆಕಾಶದಲ್ಲಿ ಗೆಲಾಕ್ಸಿಗಳನ್ನು ಒಂದೊಂದಾಗಿ ಎಣಿಸಿದೆವು. ಫಲಕಕ್ಕೆ ಮೂವತ್ತಾರು ಸಾಲು, ಸಾಲಿಗೆ ಮೂವತ್ತಾರು ಚೌಕ, ಚೌಕಕ್ಕೊಂದು ಸಂಖ್ಯೆ. ಆ ಹಾಳೆಗಳನ್ನು ಈಗ ವಿದ್ಯಾರ್ಥಿಗಳು ಗಣಕಕ್ಕೆ ಏರಿಸುತ್ತಾರೆ. ಆಮೇಲೆ ಗೆಲಾಕ್ಸಿಗಳು ಎಲ್ಲಿ ಗುಂಪುಗೂಡಿವೆ, ಎಲ್ಲಿ ಬಯಲು ಬಿಟ್ಟಿವೆ ಎಂಬುದನ್ನು ತಾವೇ ಬರೆದ ಪ್ರೋಗ್ರಾಮಿನಿಂದ ಅಳೆಯುತ್ತಾರೆ.

ಗೆಲಾಕ್ಸಿಗೆ ತಕ್ಕ ಕನ್ನಡ ಪದ ಬೇಕೆಂದು ಒಂದು ಕಾಲಕ್ಕೆ ಸಭೆಗಳಲ್ಲಿ ಎದ್ದು ನಿಂತು ಜಗಳವಾಡಿದವನು ನಾನು. ಈಗ ಗೆಲಾಕ್ಸಿ ಎಂದೇ ಬರೆಯುತ್ತೇನೆ. ದಣಿವು.

ಹಾಜರಿ ಪತ್ರದ ಕೊನೆಯಲ್ಲಿ 'ಇತರ ವಿವರ' ಎಂಬ ಕಲಮು. ವಿವರವೇನೂ ಇರಲಿಲ್ಲ. ನಾಲ್ವರ ಎದುರಿಗೂ 'ಇಲ್ಲ' ಎಂದು ಬರೆದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಇವಳಿಗೆ ನಗು.

ಫೆಬ್ರವರಿ ೯, ಶುಕ್ರವಾರ

ನನ್ನ ಹಾಳೆಗಳೆಲ್ಲ ಕನ್ನಡ ಅಂಕಿಗಳಲ್ಲಿವೆ. ಉಳಿದ ನಾಲ್ವರದು ಎಲ್ಲರೂ ಬಳಸುವ ಅಂಕಿಗಳು. ಇದರ ಬಗ್ಗೆ ಇಂದು ತರಗತಿಯಲ್ಲಿ ಗೊಣಗಾಟ. ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ತಿಳಿಯುತ್ತಿಲ್ಲವಂತೆ. ಎಡಗೈಯವಳು ಒಂದೇ ದಿನದಲ್ಲಿ ಕಲಿತಳು. ಹಾಗಾಗಿ ನನ್ನ ಕೈಬರಹದ ಒಂಬತ್ತು ಹಾಳೆಗಳು ಅವಳ ಪಾಲಿಗೇ ಬಂದವು. ಉಳಿದವರು ಅವಳಿಗೆ 'ಸರ್ ಮೊಮ್ಮಗಳು' ಎಂದು ಹೆಸರಿಟ್ಟಿದ್ದಾರೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಟೈಪು ಮಾಡುವಾಗ ತುಟಿ ಅಲುಗುತ್ತದೆ. ಎರಡು, ಸೊನ್ನೆ, ಸೊನ್ನೆ, ಐದು. ಇವಳೂ ಹೀಗೆಯೇ ಎಣಿಸುತ್ತಿದ್ದಳು, ಎರಡನೆಯ ಸೂಕ್ಷ್ಮದರ್ಶಕದ ಮುಂದೆ — ಆಗಿನ್ನೂ ನನ್ನ ಹೆಂಡತಿಯಾಗಿರಲಿಲ್ಲ.

ಫೆಬ್ರವರಿ ೧೪, ಬುಧವಾರ

ವಿಭಾಗದ ಮುಖ್ಯಸ್ಥ ಕೋಣೆಗೆ ಕರೆದ. ನನ್ನ ಹಳೆಯ ವಿದ್ಯಾರ್ಥಿ. ಈಗ ತಲೆ ನರೆತಿದೆ, ನಾನು ಒಳಗೆ ಹೋದರೆ ಇಂದಿಗೂ ಎದ್ದು ನಿಲ್ಲುತ್ತಾನೆ. ಗಣಕಕ್ಕೇರಿದ ಪಟ್ಟಿ ಮಾರ್ಚ್ ಕೊನೆಗೆ ಎಲ್ಲರಿಗೂ ತೆರೆಯುವುದಂತೆ. ಮುನ್ನುಡಿ ನಾನು ಬರೆಯಬೇಕಂತೆ. ಆ ಐವರಲ್ಲಿ ಉಳಿದವರು ನಾನೂ ಇವಳೂ ಇಬ್ಬರೇ, ಆ ಎಣಿಕೆ ಮಾಡಿಸಿದ ಗುರುಗಳು ತೀರಿಕೊಂಡು ಇಪ್ಪತ್ತು ವರ್ಷ. 'ನೀವು ಬರೆದರೆ ಅದಕ್ಕೊಂದು ತೂಕ ಮೇಷ್ಟ್ರೇ' ಎಂದ.

ಸಂಜೆಯೆಲ್ಲ ಕುಳಿತು ಮೊದಲ ವಾಕ್ಯ ಬರೆದೆ: "ಈ ಪಟ್ಟಿಯ ಪ್ರತಿಯೊಂದು ಚೌಕವನ್ನೂ ಕಣ್ಣಾರೆ ಕಂಡು ಎಣಿಸಲಾಗಿದೆ." ಗಟ್ಟಿಯಾಗಿ ಓದಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಡಿಗೆಮನೆಯಲ್ಲಿ ಇವಳ ಪಾತ್ರೆಯ ಸದ್ದು ಒಂದು ಗಳಿಗೆ ನಿಂತಿತೋ ಏನೋ... ಮತ್ತೆ ಕೇಳಿಸಿತು.

ಫೆಬ್ರವರಿ ೨೭, ಮಂಗಳವಾರ

ಎಲ್ಲ ಹಾಳೆಗಳೂ ಏರಿ ಮುಗಿದವು. ಅಳತೆ ಆರಂಭ. ಗೆಲಾಕ್ಸಿಗಳು ಒಂಟಿಯಾಗಿರುವುದಿಲ್ಲ; ಒಂದು ಸಿಕ್ಕಿದ ಕಡೆ ಪಕ್ಕದಲ್ಲಿ ಇನ್ನೊಂದು ಸಿಗುವ ಸಂಭವ ಹೆಚ್ಚು. ಎಷ್ಟು ಹೆಚ್ಚು ಎಂಬುದೇ ಅಳತೆ; ಅದನ್ನು ಪರದೆಯ ಮೇಲೆ ಗೆರೆಯಾಗಿ ಎಳೆಯುತ್ತಾರೆ. ಚುಕ್ಕಿಗಳನ್ನು ಕಣ್ಣುಮುಚ್ಚಿ ಎರಚಿದರೆ ಆ ಗೆರೆ ಶೂನ್ಯದ ಮೇಲೆ ಮಲಗುತ್ತದೆ. ನಿಜವಾದ ಆಕಾಶಕ್ಕೆ ಗೆರೆ ಮೇಲೇಳುತ್ತದೆ. ಮೂವತ್ತೊಂದು ಫಲಕಗಳಲ್ಲಿ ಮೂವತ್ತಕ್ಕೆ ಮೇಲೆದ್ದಿತು.

ಇಪ್ಪತ್ತೇಳನೆಯದಕ್ಕೆ ಗೆರೆ ಶೂನ್ಯದ ಕೆಳಗೆ ಇಳಿದಿದೆ.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಎಡಗೈಯವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಆ ಫಲಕದ ಚೌಕಗಳಿಗೆ ಬಣ್ಣ ಹಾಕಿದ್ದಳು. ಪಕ್ಕದ ಫಲಕಗಳಲ್ಲಿ ಕಲೆ, ಗುಡ್ಡೆ, ಕತ್ತಲೆಯ ಬಯಲು. ಇದರಲ್ಲಿ ಮಾತ್ರ ಎಲ್ಲೆಡೆ ಒಂದೇ ತಿಳಿಬಣ್ಣ.

"ಕಣ್ಮುಚ್ಚಿ ಎರಚಿದ್ರೂ ಇಷ್ಟು ಸಮವಾಗಿ ಬೀಳಲ್ಲ ಸರ್. ಯಾರೋ ದಾರ ಹಿಡಿದು ಸಸಿ ನೆಟ್ಟ ಹಾಗಿದೆ."

ಪ್ರೋಗ್ರಾಂ ಮತ್ತೊಮ್ಮೆ ಪರೀಕ್ಷಿಸು ಎಂದೆ. ಧ್ವನಿ ಸರಿಯಾಗಿಯೇ ಇತ್ತು.

ಮಾರ್ಚ್ ೧, ಶುಕ್ರವಾರ

ಮೂರು ಬಾರಿ ಪರೀಕ್ಷಿಸಿದಳಂತೆ. ಅದೇ ಪ್ರೋಗ್ರಾಂ ಮೂವತ್ತು ಫಲಕಗಳಿಗೆ ಸರಿ ಹೇಳಿ ಒಂದಕ್ಕೆ ಮಾತ್ರ ತಪ್ಪು ಹೇಳುವುದಿಲ್ಲ. ಹಾಗಾದರೆ ತಾನೇ ಟೈಪು ಮಾಡುವಾಗ ಸಾಲು ಹೆಚ್ಚುಕಮ್ಮಿ ಮಾಡಿರಬೇಕು ಎಂಬುದು ಅವಳ ತರ್ಕ. ಹಾಳೆಯನ್ನು ಇನ್ನೊಮ್ಮೆ ಕೊಡುತ್ತೀರಾ, ತಾಳೆ ನೋಡಬೇಕು ಎಂದು ಕೇಳಿದಳು.

ಹುಡುಕಿ ಕೊಡುತ್ತೇನೆ ಎಂದೆ.

ಹಾಳೆ ನನ್ನ ಚೀಲದಲ್ಲಿಯೇ ಇತ್ತು. ಮಂಗಳವಾರವೇ ಕಟ್ಟಿನಿಂದ ತೆಗೆದಿಟ್ಟುಕೊಂಡಿದ್ದೆ.

ಮಾರ್ಚ್ ೨, ಶನಿವಾರ. ಮಧ್ಯಾಹ್ನ ಮೂರು

ಒಮ್ಮೆಯಾದರೂ ನೆಟ್ಟಗೆ ಬರೆದಿಡಬೇಕು.

ಇಪ್ಪತ್ತೇಳನೆಯ ಫಲಕವನ್ನು ಎಣಿಸಿದವಳು ಇವಳು. ಹನ್ನೊಂದು ದಿನ. ಕಣ್ಣು ಉರಿ, ನೀರು ಸುರಿಯುವುದು. ಇದೊಂದು ಮುಗಿಸಿ ಎರಡು ತಿಂಗಳು ಬಿಡಬೇಕೆಂದು ವೈದ್ಯರ ಆಜ್ಞೆ. ಕೂಡಿಸುವ ಕೆಲಸ ನನ್ನದು. ಹಾಳೆ ತೆಗೆದುಕೊಂಡು ಕೂಡಿಸಿದೆ, ಒಟ್ಟು ಎರಡು ಸಾವಿರದ ಇನ್ನೂರ ಹದಿನಾಲ್ಕು ಎಂದು ದಾಖಲೆ ಪುಸ್ತಕದಲ್ಲಿ ಬರೆದೆ. ಅದೇ ಸಂಜೆ ಹಾಳೆಯನ್ನು ವೃತ್ತಪತ್ರಿಕೆಯೊಳಗೆ ಮಡಿಸಿಟ್ಟುಕೊಂಡು ಹೊರಟವನು, ವೃತ್ತಪತ್ರಿಕೆಯನ್ನು ಬಸ್ಸಿನ ಆಸನದ ಮೇಲೆಯೇ ಬಿಟ್ಟು ಇಳಿದೆ. ಮರುದಿನ ಡಿಪೋಗೆ ಹೋದೆ. ಸಿಗಲಿಲ್ಲ.

ಹೇಳಿದ್ದರೆ ಅವಳು ಮತ್ತೆ ಹನ್ನೊಂದು ದಿನ ಕೂರಬೇಕಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಾನೇ ಎಣಿಸಬಹುದಾಗಿತ್ತು, ಆದರೆ ಗುರುಗಳು ಏಕೆಂದು ಕೇಳುತ್ತಿದ್ದರು. ಅಚ್ಚುಕಟ್ಟಿಗೆ ಹೆಸರಾದವನು ಹಾಳೆ ಕಳೆದನೆಂದು ತಿಳಿಯುತ್ತಿತ್ತು. ನಿಜವಾದ ಕಾರಣ ಅದೇ.

ಒಟ್ಟು ಗೊತ್ತಿತ್ತು. ಮೂರು ಮಧ್ಯಾಹ್ನಗಳಲ್ಲಿ ಆ ಒಟ್ಟನ್ನು ಸಾವಿರದ ಇನ್ನೂರ ತೊಂಬತ್ತಾರು ಚೌಕಗಳಿಗೆ ಹಂಚಿದೆ. ಒಂದು, ಎರಡು, ಒಂದು, ಮೂರು, ಎರಡು. ಕೂಡಿಸಿದರೆ ಒಂದೂ ತಪ್ಪದೆ ಸರಿಹೋಯಿತು. ಮೇಲೆ 'ಶುದ್ಧ ಪ್ರತಿ' ಎಂದು ಬರೆದೆ. ಶಾಯಿ ಚೆಲ್ಲಿತ್ತು, ನಕಲು ಮಾಡಿದೆ ಎಂದು ಅವಳಿಗೆ ಹೇಳಿದೆ. ಅವಳು ಹಾಳೆಯನ್ನು ಒಮ್ಮೆ ನೋಡಿ ಹಿಂದಿರುಗಿಸಿದಳು. ಹತ್ತಕ್ಕೊಂದು ಫಲಕವನ್ನು ಬೇರೆಯವರು ಮರಳಿ ಎಣಿಸುವ ಪದ್ಧತಿಯಿತ್ತು. ಇಪ್ಪತ್ತೇಳು ಆ ಸರದಿಗೆ ಬರಲಿಲ್ಲ. ಉಳಿದವುಗಳಿಗೆ ಒಟ್ಟನ್ನು ಮಾತ್ರ ನೋಡುತ್ತಿದ್ದರು. ಒಟ್ಟು ಸರಿಯಿತ್ತು.

ನಲವತ್ತೆಂಟು ವರ್ಷ ಸರಿಯಿತ್ತು.

ಮಾರ್ಚ್ ೬, ಬುಧವಾರ

ನಿದ್ದೆಗಣ್ಣ ತಮಾಷೆಗೆ ಆಡಿದ ಮಾತು ದೊಡ್ಡದಾಗಿದೆ. 'ಅವಳು ಇಪ್ಪತ್ತೇಳನ್ನು ನೋಡದೇನೇ ಟೈಪ್ ಮಾಡಿರ್ತಾಳೆ, ನನಗಿಂತ ಚೆನ್ನಾಗಿ ನಿದ್ದೆ ಮಾಡ್ತಾಳೆ' ಎಂದು ನಕ್ಕನಂತೆ. ಅದು ಮುಖ್ಯಸ್ಥನ ಕಿವಿಗೆ ಬಿತ್ತು. ಅವನು ಆ ಫಲಕದ ಸಂಖ್ಯೆಗಳನ್ನು ತಾನೇ ತೆರೆದು ನೋಡಿದ್ದಾನೆ. ಇವು ಎಣಿಸಿದ ಸಂಖ್ಯೆಗಳಲ್ಲ, ಕಟ್ಟಿದ ಸಂಖ್ಯೆಗಳು ಎಂದು ಅವನಿಗೂ ತಿಳಿಯಿತು. ಕಟ್ಟಿದವರು ಯಾರು ಎಂಬುದರಲ್ಲಿ ಮಾತ್ರ ನಲವತ್ತೆಂಟು ವರ್ಷ ತಪ್ಪಿದ.

ಬೇಸರದಿಂದಲೇ ಹೇಳಿದ. ಬೇಸಿಗೆಯಲ್ಲಿ ವೀಕ್ಷಣಾಲಯದ ತರಬೇತಿಗೆ ಒಬ್ಬರನ್ನು ಕಳುಹಿಸಬೇಕು. ಅವಳ ಹೆಸರೇ ಮೊದಲಿತ್ತು. ಪಟ್ಟಿ ಹೋಗುವುದು ಹದಿನೈದನೆಯ ತಾರೀಖು, ಶುಕ್ರವಾರ. ಅಷ್ಟರೊಳಗೆ ಇದು ತಿಳಿಯಾಗದಿದ್ದರೆ ಹೆಸರು ತೆಗೆಯುತ್ತಾನೆ, ಈ ಪಾಠದಲ್ಲಿ ಅವಳ ಫಲಿತಾಂಶವನ್ನೂ ತಡೆಹಿಡಿಯುತ್ತಾನೆ.

"ಒಬ್ಬ ಹುಡುಗಿಯ ಮೇಲೆ ಸುಳ್ಳು ಲೆಕ್ಕದ ಅಪವಾದ ಹೊರಿಸೋಕೆ ನನಗೂ ಇಷ್ಟ ಇಲ್ಲ ಮೇಷ್ಟ್ರೇ. ಮೂಲ ಹಾಳೆ ಸಿಕ್ಕಿದ್ರೆ ಐದು ನಿಮಿಷದ ಕೆಲಸ."

"ಎಲ್ಲಿಯೋ ಇಟ್ಟಿದ್ದೇನೆ" ಎಂದೆ.

ಚೀಲ ನನ್ನ ಮಡಿಲಲ್ಲಿತ್ತು.

ಮಾರ್ಚ್ ೭, ಗುರುವಾರ

ಮೆಟ್ಟಿಲ ಬಳಿ ಕಾದಿದ್ದಳು. ಹಾಳೆ ಸಿಕ್ಕಿತೇ ಎಂದು ಕೇಳಲಿಲ್ಲ. "ನಾನು ಒಂದೊಂದೂ ನೋಡಿಯೇ ಟೈಪ್ ಮಾಡಿದ್ದು ಸರ್" ಎಂದಳು, ಅಷ್ಟೆ. ಗೊತ್ತಮ್ಮ ಎಂದೆ. ಗೊತ್ತಿದ್ದುದು ನಿಜ.

ಮಾರ್ಚ್ ೧೩, ಬುಧವಾರ

ಐದು ದಿನ ಬರೆದಿಲ್ಲ. ಬಿಟ್ಟ ಪುಟ ಕಂಡರೆ ಮನಸ್ಸು ಕೆಡುವವನು. ಹಿಂದಿನ ಯಾವ ವರ್ಷದ ದಿನಚರಿಯಲ್ಲಿಯೂ ಖಾಲಿ ಪುಟವಿಲ್ಲ, ಏನೂ ನಡೆಯದ ದಿನ 'ವಿಶೇಷವಿಲ್ಲ' ಎಂದಾದರೂ ಬರೆದಿದ್ದೇನೆ. ಈ ಬಾರಿ ಐದು ಪುಟಗಳನ್ನು ಹಾಗೆಯೇ ಬಿಟ್ಟಿದ್ದೇನೆ.

ಉಪಾಯಗಳು ಬಾರದಿರಲಿಲ್ಲ. ಹಾಳೆ ಕಳೆದುಹೋಯಿತು ಎನ್ನಬಹುದು — ನಿಜವಾಗಿ ಒಮ್ಮೆ ಕಳೆದದ್ದೇ. ಫಲಕದಲ್ಲಿಯೇ ದೋಷವಿದ್ದಿತು, ಪಟ್ಟಿಯಿಂದ ಕೈಬಿಡೋಣ ಎನ್ನಬಹುದು. ಗುರುಗಳ ಹೆಸರು ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ಹುಡುಗಿಯ ಮೇಲಿನ ಅನುಮಾನ ಮಾತ್ರ ಅನುಮಾನವಾಗಿಯೇ ಉಳಿಯುತ್ತದೆ.

ಇಂದು ಲ್ಯಾಬಿಗೆ ತಡವಾಗಿ ಬಂದಳು. ಮೊದಲ ಬಾರಿ. ಹಿಂದಿನ ಸಾಲಿನಲ್ಲಿ ಕುಳಿತಳು. ಹತ್ತಿರ ಹೋಗಿ ನೋಡಿದರೆ, ತಾನು ಏರಿಸಿದ ಒಂಬತ್ತು ಹಾಳೆಗಳಲ್ಲಿ ಉಳಿದ ಎಂಟನ್ನೂ ಮೊದಲಿನಿಂದ ಮತ್ತೆ ಟೈಪು ಮಾಡುತ್ತಿದ್ದಾಳೆ. ಐದು ಮುಗಿದಿವೆ. ಏಕೆಂದು ಕೇಳಿದೆ. ಒಂದರಲ್ಲಿ ತಪ್ಪಾಗಿದೆ ಎಂದರೆ ಉಳಿದವುಗಳಲ್ಲಿಯೂ ಆಗಿರಬಹುದಲ್ಲ ಎಂದಳು. ಈವರೆಗೆ ಒಂದೂ ತಪ್ಪು ಸಿಕ್ಕಿಲ್ಲ. ಸಿಕ್ಕಿಲ್ಲವೆಂಬ ಸಮಾಧಾನವೂ ಮುಖದಲ್ಲಿರಲಿಲ್ಲ. ಕಣ್ಣುಗಳು ಕೆಂಪಾಗಿದ್ದವು.

ತುಟಿ ಅಲುಗುತ್ತಿರಲಿಲ್ಲ. ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು, ಎರಡೆರಡು ಸಲ ನೋಡಿ, ಒಂದೊಂದೇ ಒತ್ತುತ್ತಿದ್ದಳು.

ಮಾರ್ಚ್ ೧೪, ಗುರುವಾರ

ಬೆಳಗಿನ ಕಾಫಿ. ಇವಳಿಗೆ ಈಗ ಅಕ್ಷರ ಕಾಣುವುದಿಲ್ಲ. ಪತ್ರಿಕೆಯ ತಲೆಬರಹಗಳನ್ನು ನಾನು ಓದಿ ಹೇಳುವುದು ದಿನದ ರೂಢಿ. ಇಂದು ಪತ್ರಿಕೆ ಮಡಿಸಿಟ್ಟು ಎಲ್ಲವನ್ನೂ ಹೇಳಿದೆ. ಬಸ್ಸು, ವೃತ್ತಪತ್ರಿಕೆ, ಮೂರು ಮಧ್ಯಾಹ್ನ, ಹುಡುಗಿ. ವಾಕ್ಯಗಳು ಸರಿಯಾಗಿ ಕೂಡಿಬರಲಿಲ್ಲ.

ಲೋಟ ಕೆಳಗಿಟ್ಟಳು. ಲೋಟ ಎಲ್ಲಿಗೆ ಬಂತೆಂದು ಕೈಯಿಂದ ಮೇಜು ತಡವಿ ನೋಡಿಕೊಂಡಳು.

"ನಂಗೆ ಗೊತ್ತಿತ್ತು."

ಯಾವಾಗಿನಿಂದ ಎಂದೆ.

"ನೀವು ಆ ಹಾಳೆ ಕೈಗೆ ಕೊಟ್ಟಾಗಲೇ. ಒಂದೇ ಒಂದು ಸೊನ್ನೆ ಇರ್ಲಿಲ್ಲರೀ ಅದರಲ್ಲಿ. ನಾನು ಎಣಿಸಿದ್ದರಲ್ಲಿ ಐನೂರು ಚೌಕ ಖಾಲಿ ಇತ್ತು. ಖಾಲಿ ಚೌಕಾನೇ ಜಾಸ್ತಿ ಹೊತ್ತು ನೋಡೋದು ನಾವು, ನಿಜವಾಗ್ಲೂ ಏನೂ ಇಲ್ವಾ ಅಂತ. ಅದು ಮರೆಯುತ್ತಾ?"

ನಾನು ಆ ಹಾಳೆ ತಂದೆ. ಸಾಲು ಸಾಲಾಗಿ ನೋಡಿದೆ. ಮೂವತ್ತಾರು ಸಾಲು. ಒಂದು, ಎರಡು, ಒಂದು, ಮೂರು. ಒಂದು ಸೊನ್ನೆಯೂ ಇಲ್ಲ. ನನಗೆ ಇದು ತಿಳಿದಿರಲೇ ಇಲ್ಲ. ಸುಳ್ಳು ಬರೆದೆನೆಂಬುದು ನಲವತ್ತೆಂಟು ವರ್ಷ ನೆನಪಿತ್ತು. ಎಂಥ ಸುಳ್ಳು ಎಂಬುದು ತಿಳಿದಿರಲಿಲ್ಲ.

"ಖಾಲಿ ಜಾಗ ಕಂಡ್ರೆ ನಿಮಗೆ ಆಗಲ್ಲ" ಎಂದಳು. "ಹಾಜರಿ ಪಟ್ಟೀಲಿ ಇಲ್ಲ ಇಲ್ಲ ಅಂತ ಬರೆಯೋರು ನೀವು."

ಅಂದೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಮತ್ತೆ ನಾನೇ ಎಣಿಸಬೇಕಿತ್ತು. ಕಣ್ಣು ಉರೀತಿತ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ನಿಮ್ಮನ್ನೇ ಮದುವೆಯಾದೆ. ಇನ್ನು ಯಾರಿಗೆ ಹೇಳೋದು?"

ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ನಗು ಬಿಟ್ಟು ಹೇಳಿದಳು:

"ಆ ಹುಡುಗೀಗೂ ಈಗ ಕಣ್ಣು ಉರೀತಿರತ್ತೆ. ನಾಳೆ ಅಂತ ಇಟ್ಕೋಬೇಡಿ."

ಇಂದು ಹೋದೆ. ಮುಖ್ಯಸ್ಥ ಊರಲ್ಲಿಲ್ಲ. ನಾಳೆ ಹತ್ತಕ್ಕೆ ಬರುತ್ತಾನಂತೆ. ಹುಡುಗಿಯೂ ಬಂದಿರಲಿಲ್ಲ. ಹಿಂದಿರುಗುವಾಗ ಒಂದು ನಿಟ್ಟುಸಿರು ಬಂತು — ಒಂದು ದಿನ ಸಿಕ್ಕಿತೆಂದು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ ೧೫, ಶುಕ್ರವಾರ

ಹತ್ತಕ್ಕೆ ಐದು ನಿಮಿಷ ಮೊದಲೇ ಮುಖ್ಯಸ್ಥನ ಕೋಣೆ. ಎಡಗೈಯವಳನ್ನೂ ಕರೆಸು ಎಂದೆ. ಅವಳು ಬರುವವರೆಗೆ ಕಾದೆ. ಅವನು ಎದ್ದು ನಿಂತೇ ಇದ್ದ, ನಾನು ಕೂರೆನ್ನಲಿಲ್ಲ.

ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿದೆ. ತಾಳೆ ನೋಡಿ ಎಂದೆ. ಅವನು ಪರದೆಯಲ್ಲಿ, ಅವಳು ಹಾಳೆಯಲ್ಲಿ. ಎಂಟು ಸಾಲಿನ ಮೇಲೆ ಅವನು ನಿಲ್ಲಿಸಿದ. ಒಂದೂ ತಪ್ಪಿರಲಿಲ್ಲ. ಹಾಗಾದರೆ ಹಾಳೆಯೇ... ಎಂದು ಆರಂಭಿಸಿದವನು ಅಂಕಿಗಳನ್ನು ಗುರುತಿಸಿ ದಾಖಲೆ ಪುಸ್ತಕ ತೆರೆದ. ಕನ್ನಡ ಅಂಕಿ ಬರೆಯುತ್ತಿದ್ದವನು ನಾನೊಬ್ಬನೇ. ಪುಸ್ತಕದಲ್ಲಿ ಎಣಿಸಿದವರೆಂದು ನನ್ನ ಹೆಂಡತಿಯ ಹೆಸರು.

ಹೇಳಿದೆ. ಎಣಿಸಿದ ಹಾಳೆ ಕಳೆದೆ, ಈ ಹಾಳೆಯನ್ನು ನಾನು ಕಟ್ಟಿದೆ, ಗುರುಗಳಿಗೆ ತಿಳಿದಿರಲಿಲ್ಲ, ಹೆಂಡತಿಗೆ ನಾನು ಹೇಳಿರಲಿಲ್ಲ. ಹದಿನೇಳು ದಿನಗಳಿಂದ ಹಾಳೆ ನನ್ನ ಚೀಲದಲ್ಲಿತ್ತು. ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಮುಖ್ಯಸ್ಥ ಕುಳಿತ. ನಾನು ನಿಂತಿರುವಾಗ ಅವನು ಕುಳಿತದ್ದು ಇದೇ ಮೊದಲು. ಕೋಪ ತೋರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಪಟ್ಟಿಯ ಬಿಡುಗಡೆಯನ್ನು ಮುಂದೂಡುತ್ತೇನೆ ಎಂದ, ಹುಡುಗಿಯ ಹೆಸರನ್ನು ಇಂದೇ ಕಳುಹಿಸುತ್ತೇನೆ ಎಂದ, ಅವಳ ಕಡೆ ತಿರುಗಿ ತಪ್ಪಾಯಿತಮ್ಮ ಎಂದ. ನನ್ನ ಕಡೆ ತಿರುಗಲಿಲ್ಲ.

ಹೊರಗೆ ಬಂದ ಮೇಲೆ ಹುಡುಗಿಯ ಬಳಿ ಕ್ಷಮೆ ಕೇಳಿದೆ. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯ ಮುಂದೆ ಆ ಪದ ಆಡಿದವನಲ್ಲ. ಪುಸ್ತಕಗಳನ್ನು ಎದೆಗೆ ಅವಚಿಕೊಂಡು ನೆಲ ನೋಡುತ್ತಿದ್ದಳು.

"ಒಂಬತ್ತು ದಿನ ಸರ್. ಒಂಬತ್ತು ದಿನ ನಾನು ನನ್ನ ಕೈಯನ್ನೇ ನಂಬ್ಲಿಲ್ಲ."

ಅವಳು ಪರವಾಗಿಲ್ಲ ಎನ್ನಲಿಲ್ಲ. ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ಹೋದಳು.

ಮಾರ್ಚ್ ೧೮, ಸೋಮವಾರ

ಮುನ್ನುಡಿಯ ಮೊದಲ ವಾಕ್ಯ ಹೊಡೆದುಹಾಕಿದೆ. ಅದರ ಜಾಗದಲ್ಲಿ ಬರೆದದ್ದು ಅಷ್ಟು ಚೆಲುವಾಗಿಲ್ಲ: "ಇಪ್ಪತ್ತೇಳನೆಯ ಫಲಕದ ಸಂಖ್ಯೆಗಳನ್ನು ನಾನು ಎಣಿಸದೆ ಬರೆದೆ." ಓದಿ ಹೇಳಿದೆ. ಇವಳು, ಇಷ್ಟು ಚಿಕ್ಕ ವಾಕ್ಯ ನೀವು ಬರೆದದ್ದು ಕೇಳಿಯೇ ಇರಲಿಲ್ಲ ಎಂದಳು.

ತರಗತಿಯಲ್ಲಿ ಎಲ್ಲರಿಗೂ ತಿಳಿದಿದೆ. ನಿದ್ದೆಗಣ್ಣ ಹತ್ತಕ್ಕೆ ಸರಿಯಾಗಿ ಬಂದಿದ್ದ. ಅವಳ ಪಕ್ಕ ಕುಳಿತು, ತಲೆಯೆತ್ತದೆ, ಅವಳ ಮೂರು ಹಾಳೆ ತಾನು ತಾಳೆ ನೋಡಿಕೊಟ್ಟ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪಾಠ ಮಾಡಿದೆ. ಧ್ವನಿ ಬಹಳ ದೂರದಿಂದ ಬಂದಂತಿತ್ತು.

ಫಲಕವನ್ನು ಪಟ್ಟಿಯಿಂದ ಕೈಬಿಡುವುದೆಂದು ಮುಖ್ಯಸ್ಥನ ಎಣಿಕೆ. ಎಡಗೈಯವಳು ಒಪ್ಪಲಿಲ್ಲ. ಗಾಜಿನ ಫಲಕ ಇನ್ನೂ ಇದೆಯೇ ಎಂದು ನನ್ನನ್ನೇ ನೇರವಾಗಿ ಕೇಳಿದಳು, ಶುಕ್ರವಾರದಿಂದೀಚೆಗೆ ಮೊದಲ ಮಾತು. ನೆಲಮಾಳಿಗೆಯ ಕಬ್ಬಿಣದ ಬೀರುವಿನಲ್ಲಿರಬೇಕು ಎಂದೆ. "ಇದ್ರೆ ಎಣಿಸೋಣ. ಬಿಟ್ಟುಬಿಟ್ರೆ ಅಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ. ಏನೂ ಇಲ್ಲ ಅನ್ನೋದೂ ಗೊತ್ತಾಗಲ್ಲ."

ಮಾರ್ಚ್ ೨೧, ಗುರುವಾರ. ಬೆಳಿಗ್ಗೆ ಹತ್ತೂವರೆ

ನೆಲಮಾಳಿಗೆ. ಫಲಕ ಸಿಕ್ಕಿತು, ಒಂದು ಮೂಲೆ ಬಿರುಕು ಬಿಟ್ಟಿದೆ, ಚೌಕಗಳಿಗೆ ತಾಗಿಲ್ಲ. ಹಳೆಯ ಸೂಕ್ಷ್ಮದರ್ಶಕದ ತಿರುಪಿಗೆ ಎಣ್ಣೆ ಬಿಟ್ಟೆವು. ಇವಳೂ ಬಂದಿದ್ದಾಳೆ, ಬೇಡವೆಂದರೂ ಕೇಳಲಿಲ್ಲ. ಕುರ್ಚಿಯಲ್ಲಿ ಕುಳಿತು, ಅಂಚು ಮಸುಕಾದದ್ದು ಗೆಲಾಕ್ಸಿ, ಚೂಪಾದದ್ದು ನಕ್ಷತ್ರ, ಅನುಮಾನ ಬಂದರೆ ಕಣ್ಣು ತೆಗೆದು ಗೋಡೆ ನೋಡು, ಮತ್ತೆ ನೋಡು ಎಂದು ಹುಡುಗಿಗೆ ಕಲಿಸುತ್ತಿದ್ದಾಳೆ. ಹುಡುಗಿ ಇವಳನ್ನು ಅಜ್ಜಿ ಎಂದು ಕರೆಯುತ್ತಾಳೆ. ನನ್ನನ್ನು ಸರ್ ಎಂದೇ.

ಎಣಿಸುವವಳು ಅವಳು. ಬರೆಯುವವನು ನಾನು. ಹಾಗೆಂದು ತೀರ್ಮಾನಿಸಿದವಳು ಅವಳೇ. ಏಕೆಂದು ಕೇಳಲು ಧೈರ್ಯ ಬರಲಿಲ್ಲ.

ಹೊಸ ಹಾಳೆ. ಮೂವತ್ತಾರು ಸಾಲು ಗೆರೆ ಎಳೆದೆ.

ಮೊದಲ ಚೌಕಕ್ಕೆ ಬಹಳ ಹೊತ್ತು ಹಿಡಿಯಿತು. ಗೋಡೆ ನೋಡಿದಳು, ಮತ್ತೆ ಬಗ್ಗಿದಳು. ಅವಳ ತುಟಿ ಅಲುಗಿತು.

"ಸೊನ್ನೆ."

ಲೇಖನಿ ಕಾಗದದ ಮೇಲೆ ತಡೆಯಿತು. "ಬರೆದ್ರಾ?" ಎಂದಳು ಕುರ್ಚಿಯಿಂದ ಇವಳು. ಬರೆದೆ ಎಂದೆ. ಆಮೇಲೆ ಬರೆದೆ.

ಎರಡನೆಯದು ಸೊನ್ನೆ. ಮೂರನೆಯದು ಸೊನ್ನೆ. ನಾಲ್ಕನೆಯದರಲ್ಲಿ ಏಳು — ಒಂದಕ್ಕೊಂದು ಒತ್ತಿಕೊಂಡಿವೆಯಂತೆ. ಈಗ ಕಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದಾಳೆ. ಆ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಉಳಿದಿರುವುದು ಸಾವಿರದ ಇನ್ನೂರ ತೊಂಬತ್ತೆರಡು. ಹನ್ನೊಂದು ದಿನಕ್ಕೆ ಮುಗಿಯುವಂತೆ ಕಾಣುವುದಿಲ್ಲ. ಸೊಂಟ ನೋಯುತ್ತಿದೆ. ಸರ್ ಎಂದು ಕರೆದಳು. ಐದನೆಯದು